ಇಲಿ ಇಲ್ಲದೆ ತೆರೆಯದ ಮೆನು: ಒಂದು ಕಾಲೇಜು ವೆಬ್‌ಸೈಟಿನ ದುರಸ್ತಿ

ಉತ್ತರ ಕರ್ನಾಟಕದ ಒಂದು ಪದವಿ ಕಾಲೇಜಿನ ವೆಬ್‌ಸೈಟ್. ಪುಟದ ತಲೆಯ ಮೇಲೆ ಮೆನುವಿನ ಒಂದು ಸಾಲು: ಮುಖಪುಟ, ಕಾಲೇಜಿನ ಬಗ್ಗೆ, ವಿಭಾಗಗಳು, ಪ್ರವೇಶಾತಿ, ಪರೀಕ್ಷೆ, ವಿದ್ಯಾರ್ಥಿವೇತನ, ಗ್ರಂಥಾಲಯ, ಸಂಪರ್ಕ. ‘ಪರೀಕ್ಷೆ’ಯ ಮೇಲೆ ಮೌಸ್ ತಂದರೆ ಕೆಳಗೆ ನಾಲ್ಕು ಲಿಂಕ್ ಇಳಿಯುತ್ತವೆ: ವೇಳಾಪಟ್ಟಿ, ಆಂತರಿಕ ಅಂಕಗಳು, ಫಲಿತಾಂಶ, ಮರುಮೌಲ್ಯಮಾಪನ. ಅದೇ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ, ದೃಷ್ಟಿ ಪೂರ್ತಿ ಇಲ್ಲದ ಒಬ್ಬ ವಿದ್ಯಾರ್ಥಿನಿಗೆ ಈ ನಾಲ್ಕನೆಯ ಲಿಂಕ್ ಬೇಕಿತ್ತು. ಅರ್ಜಿ ಹಾಕುವ ಕೊನೆಯ ದಿನ ಹತ್ತಿರವಾಗಿತ್ತು. ಕಂಪ್ಯೂಟರ್ ಆಕೆಗೆ ಹೊಸದಲ್ಲ. ನೋಟ್ಸ್ ಬರೆಯುವುದು, ಮೇಲ್ ಕಳಿಸುವುದು, ರೈಲು ಟಿಕೆಟ್ ಮಾಡುವುದು ಎಲ್ಲವನ್ನೂ ಸ್ಕ್ರೀನ್ ರೀಡರ್ (ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ) ಇಟ್ಟುಕೊಂಡು ತಾನೇ ಮಾಡುತ್ತಾಳೆ. ತನ್ನ ಕಾಲೇಜಿನ ಈ ಒಂದು ಪುಟಕ್ಕೆ ಹೋಗಬೇಕಾದರೆ ಮಾತ್ರ ಹಾಸ್ಟೆಲ್‌ನಲ್ಲಿ ಯಾರನ್ನಾದರೂ ಕರೆಯಬೇಕಾಗುತ್ತಿತ್ತು.

ಆಕೆ ದೂರು ಕೊಟ್ಟಳು. ಕಾಲೇಜಿನವರು ಅದನ್ನು ಬದಿಗಿಡಲಿಲ್ಲ, ವೆಬ್‌ಸೈಟ್ ಕಟ್ಟಿಕೊಟ್ಟ ಸಂಸ್ಥೆಗೆ ತಿಳಿಸಿದರು. ಸಂಸ್ಥೆಯವರೂ ‘ಆಕ್ಸೆಸಿಬಿಲಿಟಿ ಫಿಕ್ಸ್’ (ಎಲ್ಲರಿಗೂ ಬಳಸಲು ಬರುವಂತೆ ಮಾಡುವ ದುರಸ್ತಿ) ಎಂದು ಏನೋ ಸೇರಿಸಿ ಕೊಟ್ಟರು. ಅದಾದ ಮೇಲೆ ಸ್ಥಿತಿ ಮೊದಲಿಗಿಂತ ಕೆಟ್ಟಿತು. ನನಗೆ ಕರೆ ಬಂದದ್ದು ಆಗ. ಹಾಗಾಗಿ ಈ ಪ್ರಕರಣದಲ್ಲಿ ಕೆಟ್ಟು ಹೋದ ಮೆನು ಎರಡು: ಮೂಲದ್ದು ಮತ್ತು ಸರಿಪಡಿಸಿದ್ದು. ಎರಡನೆಯದರಿಂದ ಕಲಿಯುವುದು ಹೆಚ್ಚಿದೆ.

ಮೂಲ ಮೆನು

ಆಕೆ ಬಳಸುವ ಸ್ಕ್ರೀನ್ ರೀಡರ್ ಎನ್‌ವಿಡಿಎ. ಆಸ್ಟ್ರೇಲಿಯಾದಲ್ಲಿ ಮೈಕೆಲ್ ಕರನ್ 2006ರಲ್ಲಿ ಶುರು ಮಾಡಿದ ಈ ತಂತ್ರಾಂಶ ಉಚಿತ, ಮುಕ್ತ. ಅದರ ಜೊತೆಗೇ ಬರುವ ಇಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ. ನಾನು ಕಂಡ ಕನ್ನಡದ ದೃಷ್ಟಿಹೀನ ವಿದ್ಯಾರ್ಥಿಗಳಲ್ಲಿ ಬಹುತೇಕರು ಕಂಪ್ಯೂಟರಿನಲ್ಲಿ ಇದನ್ನೇ ನೆಚ್ಚಿದ್ದಾರೆ, ಫೋನಿನಲ್ಲಾದರೆ ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್.

ಎನ್‌ವಿಡಿಎ ವೆಬ್ ಪುಟವನ್ನು ಓದುವುದು ಎರಡು ಸ್ಥಿತಿಗಳಲ್ಲಿ. ಬ್ರೌಸ್ ಮೋಡ್‌ನಲ್ಲಿ ಕೀಬೋರ್ಡ್ ಪೂರ್ತಿ ಎನ್‌ವಿಡಿಎ ಕೈಯಲ್ಲಿರುತ್ತದೆ: ಕೆಳಬಾಣ ಒತ್ತಿದರೆ ಮುಂದಿನ ಸಾಲು, ‘ಎಚ್’ ಒತ್ತಿದರೆ ಮುಂದಿನ ಶೀರ್ಷಿಕೆ, ‘ಕೆ’ ಒತ್ತಿದರೆ ಮುಂದಿನ ಲಿಂಕ್, ‘ಬಿ’ ಒತ್ತಿದರೆ ಮುಂದಿನ ಬಟನ್. ಫೋಕಸ್ ಮೋಡ್‌ನಲ್ಲಿ ಒತ್ತಿದ ಕೀ ನೇರವಾಗಿ ವೆಬ್ ಪುಟಕ್ಕೇ ಹೋಗುತ್ತದೆ. ಫಾರ್ಮ್‌ನಲ್ಲಿ ಹೆಸರು ಟೈಪ್ ಮಾಡುವಾಗ ಬೇಕಾಗುವುದು ಇದು. ಒಂದರಿಂದ ಇನ್ನೊಂದಕ್ಕೆ ಎನ್‌ವಿಡಿಎ ತಾನಾಗಿಯೇ ಹೊರಳುತ್ತದೆ. ಹೊರಳಬೇಕೋ ಬೇಡವೋ ಎಂಬುದನ್ನು ಅದು ತೀರ್ಮಾನಿಸುವುದು ಎದುರಿಗಿರುವ ವಸ್ತು ‘ನಾನು ಇಂಥದ್ದು’ ಎಂದು ಹೇಳಿಕೊಂಡ ಮಾತಿನ ಮೇಲೆ. ಮುಂದೆ ಆದ ಅನಾಹುತದ ಬೇರು ಇಲ್ಲಿದೆ.

ಮೂಲ ಮೆನುವಿನ ಒಳಪಟ್ಟಿಗಳು ತೆರೆಯುತ್ತಿದ್ದದ್ದು ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್ ಕೋಡ್‌ನ ಹೋವರ್‌ನಿಂದ, ಅಂದರೆ ಮೌಸ್ ಮೇಲೆ ಬಂದು ನಿಲ್ಲುವುದರಿಂದ ಮಾತ್ರ. ‘ಪರೀಕ್ಷೆ’ ಎಂಬುದೊಂದು ಲಿಂಕ್, ಆದರೆ ಅದರ ವಿಳಾಸದ ಜಾಗದಲ್ಲಿ ಬರೀ ಒಂದು ಹ್ಯಾಶ್ ಚಿಹ್ನೆ. ಮೌಸ್ ಮೇಲೆ ಬಂದರೆ ಒಳಪಟ್ಟಿ ಕಾಣುತ್ತದೆ, ಹೋದರೆ ‘ಡಿಸ್‌ಪ್ಲೇ ನನ್’ ಆಗಿ ಮಾಯ. ಡಿಸ್‌ಪ್ಲೇ ನನ್ ಆದದ್ದು ಸ್ಕ್ರೀನ್ ರೀಡರ್ ಪಾಲಿಗೂ ಇಲ್ಲವೇ ಇಲ್ಲ. ಆಕೆ ಕೇಳುತ್ತಿದ್ದದ್ದು ಇಷ್ಟು: “ಪರೀಕ್ಷೆ, ಲಿಂಕ್.” ಎಂಟರ್ ಒತ್ತಿದರೆ ಪುಟ ಮತ್ತೆ ತಲೆಗೆ ಹೋಗಿ ನಿಲ್ಲುತ್ತಿತ್ತು. ಅದರೊಳಗೆ ಇನ್ನೂ ನಾಲ್ಕು ಲಿಂಕ್ ಇವೆ ಎಂಬ ಸುಳಿವೇ ಇಲ್ಲ.

ಆದರೂ ಆಕೆ ಒಂದು ದಾರಿ ಕಂಡುಕೊಂಡಿದ್ದಳು. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್) ಹಿಡಿದು ಸಂಖ್ಯೆಗಳ ಕೀಪ್ಯಾಡ್‌ನ ಭಾಗಾಕಾರದ ಕೀ ಒತ್ತಿದರೆ, ಓದುತ್ತಿರುವ ಜಾಗಕ್ಕೆ ಮೌಸ್ ಬಾಣವೇ ಬಂದು ಕೂರುತ್ತದೆ. ಲ್ಯಾಪ್‌ಟಾಪ್ ವಿನ್ಯಾಸದಲ್ಲಿ ಅದೇ ಕೆಲಸಕ್ಕೆ ಎನ್‌ವಿಡಿಎ, ಶಿಫ್ಟ್, ‘ಎಂ’. ‘ಪರೀಕ್ಷೆ’ಯ ಮೇಲೆ ನಿಂತು ಇದನ್ನು ಒತ್ತಿದರೆ ಹೋವರ್ ಆಗಿ ಒಳಪಟ್ಟಿ ತೆರೆಯುತ್ತಿತ್ತು, ಕೆಳಬಾಣದಿಂದ ಅದರೊಳಗೆ ಇಳಿಯಬಹುದಿತ್ತು. ಅಂಗೈ ಟಚ್‌ಪ್ಯಾಡಿಗೆ ಸ್ವಲ್ಪ ತಗುಲಿದರೂ ಪಟ್ಟಿ ಮುಚ್ಚಿ, ಓದುತ್ತಿದ್ದ ಜಾಗವೇ ಕಾಲ ಕೆಳಗಿಂದ ಜಾರುತ್ತಿತ್ತು. ಇಷ್ಟು ಕಷ್ಟಪಟ್ಟು ಒಬ್ಬಳು ದಾರಿ ಹುಡುಕಿಕೊಂಡಿದ್ದಾಳೆ ಎಂದು ತಿಳಿದಾಗ ನನಗೆ ಬೇಸರವೇ ಆಯಿತು. ಆ ಜಾಣ್ಮೆ ಓದಿಗೆ ಸಲ್ಲಬೇಕಾದದ್ದು.

ತೊಂದರೆ ಆಕೆಯೊಬ್ಬಳದೂ ಆಗಿರಲಿಲ್ಲ. ಮಂದದೃಷ್ಟಿಯಿಂದಾಗಿ ಪರದೆಯನ್ನು ನಾಲ್ಕು ಪಟ್ಟು ಹಿಗ್ಗಿಸಿ ಓದುವ ಇನ್ನೊಬ್ಬ ವಿದ್ಯಾರ್ಥಿಗೆ ಒಳಪಟ್ಟಿ ಅರ್ಧ ಪರದೆಯ ಆಚೆಗೆ ಇಳಿಯುತ್ತಿತ್ತು. ಅದನ್ನು ನೋಡಲು ಮೌಸ್ ಸರಿಸಿದರೆ ಪಟ್ಟಿಯೇ ಮುಚ್ಚುತ್ತಿತ್ತು. 2018ರಲ್ಲಿ ಬಂದ ವೆಬ್ ಪ್ರವೇಶಸಾಧ್ಯತೆಯ ಡಬ್ಲ್ಯುಸಿಎಜಿ 2.1 ಮಾನದಂಡದಲ್ಲಿ 1.4.13 ಎಂಬ ಅಂಶ ಇರುವುದೇ ಇದಕ್ಕಾಗಿ. ಹೋವರ್‌ನಿಂದ ಏನಾದರೂ ತೆರೆದುಕೊಂಡರೆ ಅದರ ಮೇಲೆ ಮೌಸ್ ಒಯ್ಯಲು ಆಗಬೇಕು, ಬೇಡವೆಂದರೆ ಮೌಸ್ ಕದಲಿಸದೆ ಮುಚ್ಚಲು ಆಗಬೇಕು, ತಾನಾಗಿ ಮಾಯವಾಗಬಾರದು.

ಸರಿಪಡಿಸಿದ ಮೆನು

ಸಂಸ್ಥೆಯವರು ಮಾಡಿದ್ದನ್ನು ನಾನು ಹತ್ತಾರು ಸೈಟುಗಳಲ್ಲಿ ನೋಡಿದ್ದೇನೆ, ಆದ್ದರಿಂದ ವಿವರವಾಗಿ ಹೇಳುತ್ತೇನೆ. ಮೆನುವಿನ ಹೊರಪಟ್ಟಿಗೆ ‘ಮೆನುಬಾರ್’ ಎಂಬ ರೋಲ್ (ಇದು ಯಾವ ಬಗೆಯ ವಸ್ತು ಎಂದು ಸ್ಕ್ರೀನ್ ರೀಡರ್‌ಗೆ ಹೇಳುವ ಗುರುತು), ಒಳಪಟ್ಟಿಗಳಿಗೆ ‘ಮೆನು’, ಪ್ರತಿ ಲಿಂಕಿಗೂ ‘ಮೆನುಐಟಂ’, ಒಳಪಟ್ಟಿ ಇರುವ ಲಿಂಕಿಗೆ ‘ಏರಿಯಾ-ಹ್ಯಾಸ್‌ಪಾಪಪ್’ (ಇಲ್ಲಿ ಮೆನು ತೆರೆಯುತ್ತದೆ ಎಂಬ ಗುರುತು). ಇವೆಲ್ಲ ಸ್ಕ್ರೀನ್ ರೀಡರ್‌ನಂಥ ಸಾಧನಗಳಿಗಾಗಿ ಕೋಡ್‌ಗೆ ಸೇರಿಸುವ ಏರಿಯಾ (ARIA) ಎಂಬ ಮಾನದಂಡದ ಗುರುತುಗಳು. ಫೋಕಸ್ (ಕೀಬೋರ್ಡ್ ಸದ್ಯ ನಿಂತಿರುವ ಜಾಗ) ಬಂದ ತಕ್ಷಣ ಒಳಪಟ್ಟಿ ತೆರೆಯುವ ಹಾಗೆ ಸಿಎಸ್‌ಎಸ್‌ನಲ್ಲಿ ಒಂದು ಸಾಲು. ಕೀ ಒತ್ತಿದಾಗ ಏನಾಗಬೇಕೆಂದು ಹೇಳುವ ಜಾವಾಸ್ಕ್ರಿಪ್ಟ್ ಕೋಡ್ ಏನೂ ಇಲ್ಲ. ತಾನಾಗಿ ತಪಾಸಣೆ ಮಾಡುವ ಟೂಲ್ ಒಂದರಲ್ಲಿ ಓಡಿಸಿ, ಮೆನುವಿನಲ್ಲಿ ದೋಷವಿಲ್ಲ ಎಂಬ ವರದಿಯನ್ನೂ ಲಗತ್ತಿಸಿದ್ದರು. ವರದಿ ಸುಳ್ಳಲ್ಲ. ರೋಲ್‌ನ ಹೆಸರು ಸರಿಯಿದೆಯೇ, ಮೆನುಐಟಂ ಮೆನುವಿನ ಒಳಗೇ ಇದೆಯೇ ಎಂಬಷ್ಟನ್ನು ಟೂಲ್ ನೋಡುತ್ತದೆ. ಬಾಣದ ಕೀ ಒತ್ತಿದರೆ ಏನಾಗುತ್ತದೆ ಎಂದು ಅದು ಒತ್ತಿ ನೋಡುವುದಿಲ್ಲ.

ಆಕೆಯ ಪಕ್ಕ ಕೂತು ಕೇಳಿದೆ. ಟ್ಯಾಬ್ ಒತ್ತಿದಳು. “ಮೆನು ಬಾರ್. ಮುಖಪುಟ, ಮೆನು ಐಟಂ.” ಜೊತೆಗೆ ಫೋಕಸ್ ಮೋಡ್‌ಗೆ ಹೊರಳಿದ ಸಣ್ಣ ಟಿಕ್ ಸದ್ದು. ಮೆನು ಎಂದಾಗ ವಿಂಡೋಸ್‌ನಲ್ಲಿ ಯಾರೇ ಆಗಲಿ ಬಾಣದ ಕೀ ಒತ್ತುತ್ತಾರೆ. ಆಕೆಯೂ ಬಲಬಾಣ ಒತ್ತಿದಳು. ಮೌನ. ಕೆಳಬಾಣ. ಮೌನ. ‘ಎಚ್’ ಒತ್ತಿ ಶೀರ್ಷಿಕೆಗೆ ಹೋಗಲು ನೋಡಿದಳು, ಅದೂ ಇಲ್ಲ, ಏಕೆಂದರೆ ಈಗ ಕೀಗಳೆಲ್ಲ ಪುಟಕ್ಕೆ ಹೋಗುತ್ತಿವೆ ಮತ್ತು ಅವುಗಳನ್ನು ಕೇಳಿಸಿಕೊಳ್ಳುವ ಕೋಡ್ ಪುಟದಲ್ಲಿ ಇಲ್ಲ. ಎಸ್ಕೇಪ್ ಒತ್ತಿ ಬ್ರೌಸ್ ಮೋಡ್‌ಗೆ ಮರಳಿ, ಇನ್ಸರ್ಟ್ ಮತ್ತು ಎಫ್7 ಒತ್ತಿ ಲಿಂಕುಗಳ ಪಟ್ಟಿ ತೆರೆದಳು. ಮೊದಲು ಆ ಪಟ್ಟಿಯಲ್ಲಿ ‘ಪರೀಕ್ಷೆ’, ‘ಪ್ರವೇಶಾತಿ’ ಎಲ್ಲ ಇರುತ್ತಿದ್ದವು. ಈಗ ಒಂದೂ ಇಲ್ಲ. ಮೆನುಐಟಂ ಎಂಬ ರೋಲ್ ಕೊಟ್ಟ ಕ್ಷಣ ಅವು ಲಿಂಕುಗಳಾಗಿ ಉಳಿದಿರಲಿಲ್ಲ. ‘ಕೆ’ ಒತ್ತಿ ಲಿಂಕಿನಿಂದ ಲಿಂಕಿಗೆ ಹಾರುವವರಿಗೆ ಇಡೀ ಮೆನುವೇ ಕಾಣೆ.

ಟ್ಯಾಬ್ ಒಂದನ್ನೇ ನಂಬಿ ಹೋದರೆ ಪಟ್ಟಿಗಳು ತೆರೆಯುತ್ತಿದ್ದವು, ನಿಜ. ಆದರೆ ಫೋಕಸ್ ಬಂದಾಗಲೆಲ್ಲ ತೆರೆಯುವುದರಿಂದ ‘ಸಂಪರ್ಕ’ಕ್ಕೆ ಹೋಗಬೇಕಾದವರು ವಿಭಾಗಗಳ ಒಳಗಿನ ಕನ್ನಡ, ಇಂಗ್ಲಿಷ್, ಇತಿಹಾಸ, ಅರ್ಥಶಾಸ್ತ್ರ ಎಲ್ಲವನ್ನೂ ಒಂದೊಂದಾಗಿ ದಾಟಬೇಕು. ಕೈಯಲ್ಲಿ ಶಕ್ತಿ ಕಡಿಮೆ ಇದ್ದು ಕೀಬೋರ್ಡನ್ನೇ ನೆಚ್ಚಿದವರಿಗೆ ಇದು ನಿಜವಾದ ನೋವು.

ಏರಿಯಾದ ಈ ಮೆನು ರೋಲ್‌ಗಳು ಹುಟ್ಟಿದ್ದು ಬ್ರೌಸರ್ ಒಳಗೆ ಓಡುವ ಅಪ್ಲಿಕೇಶನ್‌ಗಳಿಗಾಗಿ. ಗೂಗಲ್ ಡಾಕ್ಸ್‌ನ ‘ಫೈಲ್’, ‘ಎಡಿಟ್’ ಇದ್ದಂತೆ. ಅಲ್ಲಿ ಬಾಣದ ಕೀಗಳು ಚಲಿಸುತ್ತವೆ, ಹೋಮ್ ಮತ್ತು ಎಂಡ್ ಕೀ ತುದಿಗೆ ಒಯ್ಯುತ್ತವೆ, ಇಡೀ ಮೆನುಬಾರ್‌ಗೆ ಟ್ಯಾಬ್‌ನ ಒಂದೇ ನಿಲುಗಡೆ, ಅಕ್ಷರ ಒತ್ತಿದರೆ ಅದರಿಂದ ಶುರುವಾಗುವ ಐಟಂಗೆ ಹಾರಬಹುದು. ಕನ್ನಡದ ಮೆನುವಿಗೆ ಈ ಕೊನೆಯ ಸೌಲಭ್ಯ ದಕ್ಕುವುದು ಕಷ್ಟ. ಪುಟದಲ್ಲಿ ಓಡಾಡುವಾಗ ಹೆಚ್ಚಿನವರ ಕೀಬೋರ್ಡ್ ಇಂಗ್ಲಿಷ್‌ನಲ್ಲೇ ಇರುತ್ತದೆ, ‘ಪ’ ಒತ್ತುವುದಾದರೂ ಹೇಗೆ? ಏರಿಯಾದ ಮೊದಲ ಆವೃತ್ತಿಯನ್ನು 2014ರಲ್ಲಿ ಅಧಿಕೃತಗೊಳಿಸಿದ, ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ತನ್ನ ಮಾರ್ಗದರ್ಶಿಯಲ್ಲಿ ಎರಡು ಮಾತನ್ನು ಮೊದಲಿಗೇ ಇಡುತ್ತದೆ: ತಪ್ಪು ಏರಿಯಾಗಿಂತ ಏರಿಯಾ ಇಲ್ಲದಿರುವುದೇ ಮೇಲು, ಮತ್ತು ರೋಲ್ ಎಂಬುದು ಒಂದು ಭರವಸೆ. ಮೆನು ಎಂದು ಹೆಸರಿಟ್ಟ ಮೇಲೆ ಈ ಕೀಗಳೆಲ್ಲ ಕೆಲಸ ಮಾಡುತ್ತವೆ ಎಂದು ಮಾತು ಕೊಟ್ಟಂತೆ. ಇಲ್ಲಿ ಮಾತು ಕೊಟ್ಟಿದ್ದರು, ಕೀಗಳಿರಲಿಲ್ಲ.

ಹೊಸದಾಗಿ ಕಟ್ಟಿದ್ದು

ಮೊದಲು ಎಲ್ಲ ರೋಲ್‌ಗಳನ್ನೂ ತೆಗೆದೆವು. ಉಳಿದದ್ದು ಸಾದಾ ಎಚ್‌ಟಿಎಂಎಲ್: ಒಂದು ನ್ಯಾವ್ (ಮೆನು ಇರುವ ಭಾಗವೆಂದು ಗುರುತಿಸುವ ಟ್ಯಾಗ್), ಅದರೊಳಗೆ ಪಟ್ಟಿ, ಪಟ್ಟಿಯಲ್ಲಿ ಐಟಂಗಳು. ನ್ಯಾವ್‌ಗೆ ‘ಮುಖ್ಯ’ ಎಂದಷ್ಟೇ ಹೆಸರು ಕೊಟ್ಟೆವು, ‘ನ್ಯಾವಿಗೇಶನ್’ ಎಂಬುದನ್ನು ಸ್ಕ್ರೀನ್ ರೀಡರೇ ಸೇರಿಸಿ ಹೇಳುತ್ತದೆ. ಒಳಪಟ್ಟಿ ಇಲ್ಲದ ‘ಮುಖಪುಟ’, ‘ಸಂಪರ್ಕ’ ಲಿಂಕುಗಳಾಗಿಯೇ ಉಳಿದವು. ಒಳಪಟ್ಟಿ ಇರುವ ‘ಪರೀಕ್ಷೆ’ ಲಿಂಕಿನಿಂದ ಬಟನ್ ಆಯಿತು. ಬೇರೆ ಪುಟಕ್ಕೆ ಒಯ್ಯುವುದು ಲಿಂಕ್, ಇದ್ದಲ್ಲೇ ಏನನ್ನೋ ಮಾಡುವುದು ಬಟನ್. ಈ ಭೇದ ಕಣ್ಣಿಗೆ ಕಾಣದಿದ್ದರೂ ಕಿವಿಗೆ ತುಂಬಾ ಮುಖ್ಯ.

ಆ ಬಟನ್‌ಗೆ ಏರಿಯಾದ ಒಂದೇ ಒಂದು ಗುಣ ಬೇಕು: ‘ಏರಿಯಾ-ಎಕ್ಸ್‌ಪ್ಯಾಂಡೆಡ್’. ಪಟ್ಟಿ ಮುಚ್ಚಿದ್ದಾಗ ‘ಫಾಲ್ಸ್’, ತೆರೆದಾಗ ‘ಟ್ರೂ’. ಇದನ್ನು ಪಟ್ಟಿಗೆ ಹಾಕಿ ಕೆಡಿಸುವವರಿದ್ದಾರೆ, ಹಾಕಬೇಕಾದದ್ದು ಬಟನ್‌ಗೆ. ಒಳಪಟ್ಟಿ ಕೋಡ್‌ನಲ್ಲಿ ಬಟನ್‌ನ ಬೆನ್ನಿಗೇ ಇರಬೇಕು, ಆಗ ತೆರೆದ ಮೇಲೆ ಕೆಳಬಾಣ ಒತ್ತಿದರೆ ಅದೇ ಮುಂದಿನ ಸಾಲು. ‘ಏರಿಯಾ-ಹ್ಯಾಸ್‌ಪಾಪಪ್’ ತೆಗೆದೆವು, ಅದಿದ್ದರೆ ಮತ್ತೆ ಮೆನು ಬರುತ್ತದೆ ಎಂದೇ ಕೇಳಿಸುತ್ತದೆ.

ಈಗ ಆಕೆ ಕೇಳುವುದು: “ಪರೀಕ್ಷೆ, ಬಟನ್, ಕೊಲ್ಯಾಪ್ಸ್ಡ್,” ಅಂದರೆ ಮುಚ್ಚಿದೆ. ಎಂಟರ್ ಅಥವಾ ಸ್ಪೇಸ್ ಒತ್ತಿದರೆ, “ಎಕ್ಸ್‌ಪ್ಯಾಂಡೆಡ್,” ಅಂದರೆ ತೆರೆದಿದೆ. ಕೆಳಬಾಣ. “ಲಿಸ್ಟ್ ವಿತ್ ಫೋರ್ ಐಟಮ್ಸ್. ವೇಳಾಪಟ್ಟಿ, ಲಿಂಕ್.” ನಾಲ್ಕಿವೆ ಎಂದು ಮೊದಲೇ ತಿಳಿಯಿತು, ಎಲ್ಲಿ ಮುಗಿಯುತ್ತದೆ ಎಂದೂ ತಿಳಿಯುತ್ತದೆ. ತಾನು ಈಗಾಗಲೇ ಫಲಿತಾಂಶದ ಪುಟದಲ್ಲಿದ್ದರೆ ಆ ಲಿಂಕಿನ ಮುಂದೆ “ಕರೆಂಟ್ ಪೇಜ್” ಎಂದು ಬರುತ್ತದೆ, ಅದಕ್ಕೆ ‘ಏರಿಯಾ-ಕರೆಂಟ್’. ಕಣ್ಣಿಗೆ ಬಣ್ಣ ಬದಲಿಸಿ ಹೇಳುವುದನ್ನು ಕಿವಿಗೂ ಹೇಳಿದಂತಾಯಿತು.

ಮುಚ್ಚುವ ಬಗ್ಗೆ ಹೆಚ್ಚು ಚರ್ಚೆಯಾಯಿತು. ಎಸ್ಕೇಪ್ ಒತ್ತಿದರೆ ಪಟ್ಟಿ ಮುಚ್ಚಬೇಕು ಮತ್ತು ಫೋಕಸ್ ಅದೇ ಬಟನ್‌ಗೆ ಮರಳಬೇಕು. ಮರಳಿಸದೆ ಮುಚ್ಚಿದರೆ ಫೋಕಸ್ ಇದ್ದ ಲಿಂಕೇ ಇಲ್ಲವಾಗಿ ಓದುವವರು ದಿಕ್ಕು ತಪ್ಪುತ್ತಾರೆ. ಟ್ಯಾಬ್ ಒತ್ತುತ್ತ ಮೆನುವಿನ ಆಚೆ ಹೋದರೆ ಪಟ್ಟಿ ತಾನಾಗಿ ಮುಚ್ಚುತ್ತದೆ, ಇಲ್ಲವಾದರೆ ಕಣ್ಣಿದ್ದು ಕೀಬೋರ್ಡ್ ಬಳಸುವವರಿಗೆ ಕೆಳಗಿನ ಬರಹ ಮುಚ್ಚಿಕೊಳ್ಳುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಬ್ರೌಸ್ ಮೋಡ್‌ನಲ್ಲಿ ಕೆಳಬಾಣ ಒತ್ತಿ ಓದುತ್ತಾ ಹೋದಾಗ, ಎನ್‌ವಿಡಿಎಯ ಸಹಜ ಸೆಟ್ಟಿಂಗ್‌ನಲ್ಲಿ ಬ್ರೌಸರ್‌ನ ಫೋಕಸ್ ಹಿಂದೆಯೇ, ಬಟನ್ ಮೇಲೆಯೇ ಉಳಿದಿರುತ್ತದೆ. ಅದು ನಮಗೆ ಅನುಕೂಲವೇ ಆಯಿತು: ಓದುವ ಜಾಗ ಮುಂದೆ ಹೋದರೂ ಪಟ್ಟಿ ತೆರೆದೇ ಇರುತ್ತದೆ. ಫೋಕಸ್ ಬಟನ್ ಬಿಟ್ಟ ಕೂಡಲೇ ಮುಚ್ಚುವ ಕೋಡ್ ಬರೆದಿದ್ದರೆ ಟ್ಯಾಬ್ ಬಳಸುವವರು ಒಳಗಿನ ಲಿಂಕಿಗೆ ಕಾಲಿಡುವ ಮೊದಲೇ ಅದು ಮುಚ್ಚಿಬಿಡುತ್ತಿತ್ತು. ಫೋಕಸ್ ಎಲ್ಲಿಗೆ ಹೋಯಿತು ಎಂದು ನೋಡಿ, ಮೆನುವಿನ ಹೊರಗಾದರೆ ಮಾತ್ರ ಮುಚ್ಚಬೇಕು.

ಪ್ರಾಂಶುಪಾಲರಿಗೆ ಹೋವರ್ ಬೇಕಿತ್ತು, “ಮೌಸ್ ಇಟ್ಟರೆ ಇಳಿಯುವುದು ಚೆಂದ” ಎಂದರು. ಹೋವರ್ ಮತ್ತು ಕ್ಲಿಕ್ ಎರಡನ್ನೂ ಇಟ್ಟರೆ ಆಗುವುದನ್ನು ಅವರ ಮೇಜಿನ ಮೇಲೇ ತೋರಿಸಿದೆವು: ಮೌಸ್ ಬಂದೊಡನೆ ಪಟ್ಟಿ ತೆರೆಯಿತು, ತೆರೆಯಲೆಂದು ಅವರು ಕ್ಲಿಕ್ ಮಾಡಿದರು, ಮುಚ್ಚಿತು. ಹೋವರ್ ಬಿಟ್ಟೆವು. ಕ್ಲಿಕ್ ಒಂದೇ ಇದ್ದರೆ ಮೌಸ್, ಕೀಬೋರ್ಡ್, ಬೆರಳು ಮೂರಕ್ಕೂ ಒಂದೇ ನಡೆ.

‘ವಿಭಾಗಗಳು’ ಎಂಬುದಕ್ಕೆ ತನ್ನದೇ ಪುಟವೂ ಇತ್ತು, ಒಳಪಟ್ಟಿಯೂ ಇತ್ತು. ಲಿಂಕ್ ಒಂದು, ಪಕ್ಕದಲ್ಲಿ ಪುಟ್ಟ ಬಟನ್ ಒಂದು ಇಡುವ ಪದ್ಧತಿಯಿದೆ, ತಪ್ಪೇನಲ್ಲ. ಆದರೆ ಪ್ರತಿ ಐಟಂಗೂ ಎರಡೆರಡು ನಿಲುಗಡೆಯಾಗುತ್ತದೆ. ನಾವು ಬಟನ್ ಒಂದನ್ನೇ ಇಟ್ಟು, ಒಳಪಟ್ಟಿಯ ಮೊದಲ ಲಿಂಕನ್ನು ‘ಎಲ್ಲ ವಿಭಾಗಗಳು’ ಎಂದು ಮಾಡಿದೆವು. ‘ಗ್ರಂಥಾಲಯ’ದ ಒಳಗೆ ಇದ್ದದ್ದು ಒಂದೇ ಲಿಂಕ್. ಅದಕ್ಕೆ ಡ್ರಾಪ್‌ಡೌನ್ ಬೇಡವೆಂದು ನೇರ ಲಿಂಕ್ ಮಾಡಿದೆವು. ಮೆನು ಕಟ್ಟುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ ಎಂದು ನನ್ನ ಅಭಿಪ್ರಾಯ: ಇದು ಇಳಿಯಲೇಬೇಕೇ?

ಬಟನ್‌ನ ಪಕ್ಕದ ತ್ರಿಕೋನ ಸಿಎಸ್‌ಎಸ್‌ನಿಂದ ಬರುತ್ತಿತ್ತು. ಸಿಎಸ್‌ಎಸ್‌ನಲ್ಲಿ ಬರೆದ ಚಿಹ್ನೆಯೂ ಹೆಸರಿನ ಭಾಗವಾಗಿ ಓದಿಸಿಕೊಳ್ಳುತ್ತದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಅದನ್ನು ‘ಏರಿಯಾ-ಹಿಡನ್’ ಕೊಟ್ಟ ಚಿತ್ರವಾಗಿ ಬದಲಿಸಿದೆವು.

ಭಾಷೆಯ ತಾಪತ್ರಯ

ಇಷ್ಟೆಲ್ಲ ಆದ ಮೇಲೆ ಆಕೆಯ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ನಡೆದ ಮೆನು ಕಾಲೇಜಿನ ಲ್ಯಾಬ್‌ನಲ್ಲಿ ಹೀಗೆ ಓದಿಸಿಕೊಂಡಿತು: “ಬಟನ್, ಕೊಲ್ಯಾಪ್ಸ್ಡ್. ಬಟನ್, ಕೊಲ್ಯಾಪ್ಸ್ಡ್. ಬಟನ್, ಕೊಲ್ಯಾಪ್ಸ್ಡ್.” ಹೆಸರುಗಳೇ ಇಲ್ಲ. ಲ್ಯಾಬ್‌ನ ಎನ್‌ವಿಡಿಎಗೆ ವಿಂಡೋಸ್‌ನ ಇಂಗ್ಲಿಷ್ ದನಿ ಹೊಂದಿಸಿದ್ದರು, ಅದು ಕನ್ನಡ ಅಕ್ಷರ ಬಂದಲ್ಲಿ ಸದ್ದಿಲ್ಲದೆ ದಾಟುತ್ತಿತ್ತು. ಇಸ್ಪೀಕ್ ದನಿಗೆ ಬದಲಿಸಿದ ಮೇಲೆ ಹೆಸರುಗಳು ಬಂದವು.

ಪುಟದ ಕಡೆಯಿಂದಲೂ ತಪ್ಪಿತ್ತು. ಸೈಟಿನ ಪುಟಗಳಿಗೆಲ್ಲ ಅಚ್ಚಾದ ಟೆಂಪ್ಲೇಟ್‌ನಲ್ಲಿ ಪುಟದ ಭಾಷೆ ಅಮೆರಿಕನ್ ಇಂಗ್ಲಿಷ್ ಎಂದು ಬರೆದಿತ್ತು, ಯಾರೂ ಮುಟ್ಟಿರಲಿಲ್ಲ. ಭಾಷೆಗೆ ತಕ್ಕ ದನಿ ಆರಿಸುವ ಸ್ಕ್ರೀನ್ ರೀಡರ್ ನಂಬುವುದು ಆ ಘೋಷಣೆಯನ್ನು. ಪುಟದ ಭಾಷೆಯನ್ನು ಕನ್ನಡ ಎಂದು ಬದಲಿಸಿ, ಇಂಗ್ಲಿಷ್‌ನಲ್ಲೇ ಬರೆದಿದ್ದ ಕೆಲವು ಲಿಂಕುಗಳಿಗೆ ಮಾತ್ರ ಪ್ರತ್ಯೇಕವಾಗಿ ಇಂಗ್ಲಿಷ್ ಎಂದು ಗುರುತು ಹಾಕಿದೆವು. ಕನ್ನಡದ ಸೈಟು ಮಾಡುವ ಎಲ್ಲರೂ ಇವತ್ತೇ ನೋಡಿಕೊಳ್ಳಬಹುದಾದ ಒಂದು ಸಾಲು ಇದು.

ಫೋನಿನಲ್ಲಿ ಇನ್ನೊಂದು ಬಗೆಯ ತೊಡಕು. ಮೂರು ಗೆರೆಯ ಬಟನ್‌ಗೆ ಹೆಸರಿರಲಿಲ್ಲ, ಅದಕ್ಕೆ ‘ಮೆನು’ ಎಂದು ಹೆಸರಿಟ್ಟು ತೆರೆದ, ಮುಚ್ಚಿದ ಸ್ಥಿತಿಯನ್ನೂ ಕೊಟ್ಟೆವು. ಅದಕ್ಕಿಂತ ಕಾಡಿದ್ದು ಮುಚ್ಚಿದ ಮೆನು. ಅದನ್ನು ಪರದೆಯ ಎಡಕ್ಕೆ ತಳ್ಳಿ ಮರೆಮಾಡಿದ್ದರು ಅಷ್ಟೇ. ಕಣ್ಣಿಗೆ ಇಲ್ಲ, ಟಾಕ್‌ಬ್ಯಾಕ್‌ಗೆ ಇದೆ. ಸುದ್ದಿ ಓದಲು ಬಂದವರು ಕಾಣದ ಮೆನುವಿನ ಪ್ರತಿ ಲಿಂಕನ್ನೂ ಸ್ವೈಪ್ ಮಾಡಿ ದಾಟಬೇಕಿತ್ತು. ಮುಚ್ಚಿದಾಗ ‘ವಿಸಿಬಿಲಿಟಿ ಹಿಡನ್’ ಸೇರಿಸಿದ್ದರಿಂದ ಅದು ನಿಂತಿತು.

ಆಡಳಿತ ಮಂಡಳಿಯ ಪ್ರಶ್ನೆ

“ಒಬ್ಬಿಬ್ಬರಿಗಾಗಿ ಇಷ್ಟು ಖರ್ಚು ಬೇಕೇ?” ಎಂಬ ಪ್ರಶ್ನೆ ಬಂದೇ ಬಂತು. ಉತ್ತರ ಕಾನೂನಿನಲ್ಲಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಕಲಂ ಮಾಹಿತಿ ತಂತ್ರಜ್ಞಾನದ ಪ್ರವೇಶಸಾಧ್ಯತೆಯ ಬಗ್ಗೆಯೇ ಇದೆ. ಸರ್ಕಾರಿ ವೆಬ್‌ಸೈಟ್‌ಗಳಿಗೆ 2009ರಿಂದ ಮಾರ್ಗಸೂಚಿಯಿದೆ, ಅದರ ಮೂರನೆಯ ಆವೃತ್ತಿ 2023ರಲ್ಲಿ ಬಂತು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಅಕ್ಷರ ದೊಡ್ಡದು ಮಾಡುವ ಮೂರು ‘ಎ’ಗಳು, ಸ್ಕ್ರೀನ್ ರೀಡರ್‌ಗಳ ಡೌನ್‌ಲೋಡ್ ಪಟ್ಟಿ ಇರುವ ಒಂದು ಪುಟ, ಇವನ್ನು ಮೂಲೆಯಲ್ಲಿಟ್ಟರೆ ಮುಗಿಯಿತು ಎಂದು ತಿಳಿದ ಸೈಟುಗಳು ನಮ್ಮಲ್ಲಿ ಬಹಳ. ಸ್ಕ್ರೀನ್ ರೀಡರ್ ಇಲ್ಲದೆ ಆ ಪುಟಕ್ಕೆ ದೃಷ್ಟಿ ಇಲ್ಲದವರು ಬರುವುದಾದರೂ ಹೇಗೆ? ಖರ್ಚಿನ ಮಾತಿಗೆ ಬಂದರೆ, ಇಲ್ಲಿ ಕೋಡ್ ಸೇರಿಸಿದ್ದಕ್ಕಿಂತ ತೆಗೆದದ್ದೇ ಹೆಚ್ಚು.

ಒಪ್ಪಂದದಲ್ಲಿ ಒಂದು ಅಂಶ ಸೇರಿಸಲು ಹೇಳಿದೆ, ಸೇರಿಸಿದರು. ಟೆಂಪ್ಲೇಟ್ ಅಪ್‌ಡೇಟ್ ಆದಾಗಲೆಲ್ಲ ಮೌಸ್ ಕಿತ್ತಿಟ್ಟು, ಎನ್‌ವಿಡಿಎ ಹಾಕಿಕೊಂಡು, ಮುಖಪುಟದಿಂದ ‘ಮರುಮೌಲ್ಯಮಾಪನ’ದವರೆಗೆ ಹೋಗಿ ಬರಬೇಕು. ಟೂಲ್‌ನ ವರದಿ ಅದರ ಜೊತೆಗೆ ಇರಲಿ, ಅದರ ಬದಲಿಗೆ ಬೇಡ. ಪರೀಕ್ಷೆ ಮಾಡುವವರಲ್ಲಿ ಒಬ್ಬರಾದರೂ ದಿನಾ ಸ್ಕ್ರೀನ್ ರೀಡರ್ ಬಳಸುವವರಿರಬೇಕು, ಅವರ ಸಮಯಕ್ಕೆ ಹಣ ಕೊಡಬೇಕು.

ಮೆನು ತೆರೆದ ಮೇಲೆ ಅದರಾಚೆ ಏನಿದೆ ಎಂಬುದು ಕಾಣತೊಡಗಿತು. ಮರುಮೌಲ್ಯಮಾಪನದ ಅರ್ಜಿ ಕಾಗದವನ್ನು ಸ್ಕ್ಯಾನ್ ಮಾಡಿದ ಪಿಡಿಎಫ್, ಅಂದರೆ ಬರೀ ಚಿತ್ರ. ಅದನ್ನು ವೆಬ್ ಫಾರ್ಮ್ ಆಗಿ ಬರೆಸಿದೆವು. ಹಳೆಯ ಸುತ್ತೋಲೆಗಳು ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿವೆ. ಕಣ್ಣಿಗೆ ಕನ್ನಡವಾದರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, ದನಿ ಅದನ್ನೇ ಓದುತ್ತದೆ. ಕಚೇರಿಯವರು ಹೊಸ ಸುತ್ತೋಲೆಗಳಿಂದ ಶುರು ಮಾಡಿ ಹಿಂದಕ್ಕೆ ಪರಿವರ್ತಿಸುತ್ತ ಹೊರಟಿದ್ದಾರೆ. ‘ಫಲಿತಾಂಶ’ದ ಲಿಂಕ್ ಕಾಲೇಜಿನ ಹೊರಗಿನ ಒಂದು ಪೋರ್ಟಲ್‌ಗೆ ಹೋಗುತ್ತದೆ. ಅಲ್ಲಿ ಚಿತ್ರದ ಕ್ಯಾಪ್ಚಾ ಇದೆ, ಕೇಳಿ ಬರೆಯುವ ಪರ್ಯಾಯ ಇಲ್ಲ. ಆ ಬಗ್ಗೆ ವಿದ್ಯಾರ್ಥಿನಿಯ ಸಹಿಯೊಂದಿಗೆ ಕಾಲೇಜು ಪತ್ರ ಬರೆದಿದೆ.